ಮುತ್ತಮ್ಮ ಬರೆದುಕೊಟ್ಟ ಮುಚ್ಚಳಿಕೆ

ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರು ಓದುವ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಸಿ.ಬಿ. ಮುತ್ತಮ್ಮನವರಿಗೆ ಒಂದು ಸಾಲು ಖಾಯಂ. ಭಾರತದ ಮೊದಲ ಮಹಿಳಾ ಐಎಫ್‌ಎಸ್ ಅಧಿಕಾರಿ ಯಾರು? ಸಿ.ಬಿ. ಮುತ್ತಮ್ಮ. ಪುಸ್ತಕ ಸ್ವಲ್ಪ ದಪ್ಪಗಿದ್ದರೆ ಇನ್ನೊಂದು ಸಾಲು: ವಿದೇಶಾಂಗ ಸೇವೆಯಿಂದ ಮೇಲೆ ಬಂದು ರಾಯಭಾರಿಯಾದ ಮೊದಲ ಮಹಿಳೆ. ನವೆಂಬರ್ ಬಂತೆಂದರೆ ಕನ್ನಡ ಸಂಘಗಳ ವೇದಿಕೆಯ ಭಾಷಣಗಳಿಗೂ ಈ ಸಾಲುಗಳು ‘ನಮ್ಮ ಕೊಡಗಿನ ಹೆಣ್ಣುಮಗಳು’ ಎಂಬ ಹೆಮ್ಮೆಯೊಡನೆ ಬಂದು ಸೇರುತ್ತವೆ.

ಎರಡೂ ಸಾಲು ನಿಜ. ನನ್ನ ತಕರಾರು ಅವು ಬಿಟ್ಟುಬಿಡುವ ಸಂಗತಿಯ ಬಗ್ಗೆ. ಅವನ್ನು ಓದಿದವರಿಗೆ, ಹೊಸದಾಗಿ ಸ್ವತಂತ್ರವಾದ ದೇಶ ತಾನೇ ಬಾಗಿಲು ತೆರೆದು ಈ ಪ್ರತಿಭಾವಂತೆಯನ್ನು ಒಳಗೆ ಕರೆದುಕೊಂಡಿತು ಎನ್ನಿಸುತ್ತದೆ. ನಡೆದದ್ದು ಹಾಗಲ್ಲ. ಒಳಗೆ ಬರಬೇಡವೆಂದು ಮೊದಲು ಬುದ್ಧಿ ಹೇಳಿದರು. ಹಟ ಮಾಡಿ ಬಂದಾಗ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡರು. ಮೂವತ್ತು ವರ್ಷ ದುಡಿದ ಮೇಲೆ, ಮೇಲಿನ ದರ್ಜೆಗೆ ಅರ್ಹತೆ ಸಾಲದೆಂದರು. ಆಕೆ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಅದೇ ಅರ್ಹತೆ ಅದೇ ಮೇಲಿನವರಿಗೆ ಇದ್ದಕ್ಕಿದ್ದಂತೆ ಕಾಣಿಸಿತು. ಇಷ್ಟೆಲ್ಲ ಮಾಡಿದ ವ್ಯವಸ್ಥೆ ಇಂದು ಆಕೆಯ ಹೆಸರನ್ನು ತನ್ನ ಸಾಧನೆಗಳ ಪಟ್ಟಿಯಲ್ಲಿ ಬರೆದುಕೊಂಡಿದೆ. ‘ಮೊದಲಿಗರು’ ಎಂಬ ಪದ ಮಾಡುವ ಮೋಸ ಇದು. ತಡೆದವರೂ ದಾಟಿದವರೂ ಒಂದೇ ಗುಂಪು ಫೋಟೋದಲ್ಲಿ ನಗುತ್ತ ನಿಂತಿರುವಂತೆ ಕಾಣುತ್ತಾರೆ.

ಚೋನಿರ ಬೆಳ್ಯಪ್ಪ ಮುತ್ತಮ್ಮ ಹುಟ್ಟಿದ್ದು ವಿರಾಜಪೇಟೆಯಲ್ಲಿ, 1924ರ ಜನವರಿ 24ರಂದು. ತಂದೆ ಅರಣ್ಯ ಅಧಿಕಾರಿ. ಮಗಳಿಗೆ ಒಂಬತ್ತು ವರ್ಷವಾದಾಗ ತೀರಿಕೊಂಡರು. ನಾಲ್ಕು ಮಕ್ಕಳನ್ನು ಓದಿಸಿದ್ದು ತಾಯಿ. ಮಡಿಕೇರಿಯಲ್ಲಿ ಶಾಲೆ, ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. 1948ರಲ್ಲಿ ನಾಗರಿಕ ಸೇವಾ ಪರೀಕ್ಷೆ ಪಾಸು ಮಾಡಿ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದರು. ‘ನಮ್ಮ ಕೊಡಗು’ ಎನ್ನುವಾಗ ನೆನಪಿರಲಿ, ಆಗಿನ್ನೂ ಕೊಡಗು ಕರ್ನಾಟಕಕ್ಕೆ ಸೇರಿರಲಿಲ್ಲ. ಅದು ಬೇರೆಯೇ ಪ್ರಾಂತ್ಯವಾಗಿತ್ತು, 1956ರ ನವೆಂಬರಿನವರೆಗೂ ಹಾಗೇ ಉಳಿಯಿತು.

ಅದೇ 1949ರ ಜನವರಿ 15ರಂದು ಅದೇ ಪುಟ್ಟ ಕೊಡಗಿನ ಕೆ.ಎಂ. ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಅವರೂ ಮೊದಲಿಗರೇ. 1953ರಲ್ಲಿ ಸೇನೆಯಿಂದ ನಿವೃತ್ತರಾದ ಮೇಲೆ ಸರ್ಕಾರ ಅವರನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಹೈ ಕಮಿಷನರ್ ಆಗಿ ಕಳಿಸಿತು. ಆ ಹುದ್ದೆಗೆ ಅವರು ತಕ್ಕವರೇ, ಅದರಲ್ಲಿ ಅನುಮಾನವಿಲ್ಲ. ಅವರಿಂದ ಯಾರೂ ಮುಚ್ಚಳಿಕೆ ಬರೆಸಿಕೊಳ್ಳಲಿಲ್ಲ ಎಂಬುದಷ್ಟೇ ನಾನು ಹೇಳಬೇಕಾದ ಮಾತು. ಪರೀಕ್ಷೆ ಬರೆದು, ಸಂದರ್ಶನ ಮುಗಿಸಿ, ವಿದೇಶಾಂಗ ಸೇವೆಯನ್ನೇ ಆಯ್ದುಕೊಂಡ ಮುತ್ತಮ್ಮನವರಿಗೆ ಲೋಕಸೇವಾ ಆಯೋಗದ ಮಂಡಳಿ, ಹೆಂಗಸರಿಗೆ ಇದು ಸರಿಹೊಂದುವ ಕೆಲಸವಲ್ಲ, ಬೇರೆ ಸೇವೆ ನೋಡಿಕೊಳ್ಳಿ ಎಂದು ತಿಳಿಹೇಳಿತ್ತು.

ಹೆಂಗಸರಿಗೆ ಸರಿಹೊಂದದ ಕೆಲಸ ಎಂದು ನಿಜಕ್ಕೂ ನಂಬಿದ್ದರೆ ಅದನ್ನು ಕಾಲದ ಮಿತಿ ಎಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಆ ಹೊತ್ತಿಗೆ ನೆಹರೂ ಸರ್ಕಾರದ ರಾಯಭಾರಿಯಾಗಿ ಮಾಸ್ಕೋದಲ್ಲಿ ಕೂತಿದ್ದವರು ವಿಜಯಲಕ್ಷ್ಮಿ ಪಂಡಿತ್. 1947ರಲ್ಲಿ ಮಾಸ್ಕೋ, 1949ರಲ್ಲಿ ವಾಷಿಂಗ್ಟನ್, ಆಮೇಲೆ ಲಂಡನ್. 1953ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಅಧ್ಯಕ್ಷತೆ. ಆಕೆ ಮೂರು ಹೆಣ್ಣುಮಕ್ಕಳ ತಾಯಿ. ಮನೆವಾರ್ತೆ ಕೆಲಸಕ್ಕೆ ಅಡ್ಡ ಬಂದೀತೇ ಎಂದು ಯಾರೂ ಕೇಳಿದಂತಿಲ್ಲ. ಪ್ರಧಾನಿಯ ತಂಗಿಗೆ ತಡೆಯಾಗದ ಹೆಣ್ಣುತನ ವಿರಾಜಪೇಟೆಯ ವಿಧವೆಯ ಮಗಳಿಗೆ ಹೇಗೆ ತಡೆಯಾಯಿತು? ಹೆಣ್ಣೊಬ್ಬಳು ರಾಯಭಾರಿಯಾಗುವುದರ ಬಗ್ಗೆ ದೆಹಲಿಗೆ ಆಕ್ಷೇಪ ಇದ್ದಿರಲಾರದು. ನೇಮಿಸಿ ಕಳಿಸಿದವಳು ಅಲಂಕಾರ. ಪರೀಕ್ಷೆ ಬರೆದು ಹಕ್ಕಿನಿಂದ ಬಂದು, ಸೀನಿಯಾರಿಟಿ ಕೇಳಿ, ಒಂದು ದಿನ ಗಂಡಸರ ಮೇಲಧಿಕಾರಿಯಾಗುವವಳು ತಲೆನೋವು.

ಈ ಮುಚ್ಚಳಿಕೆಯನ್ನು ಬ್ರಿಟಿಷರು ಬಿಟ್ಟುಹೋದ ಹಳೆಯ ಸಾಮಾನು ಎಂದು ಸಮರ್ಥಿಸುವವರಿದ್ದಾರೆ. ಅರ್ಧ ಸತ್ಯ. ಬ್ರಿಟನ್ ತನ್ನ ವಿದೇಶಾಂಗ ಸೇವೆಗೆ ಹೆಂಗಸರನ್ನು 1946ರಲ್ಲಿ ಸೇರಿಸಿಕೊಂಡರೂ ಮದುವೆಯಾದರೆ ಹೊರಗೆ ಕಳಿಸುವ ಪದ್ಧತಿಯನ್ನು 1970ರ ದಶಕದವರೆಗೆ ಇಟ್ಟುಕೊಂಡಿತ್ತು. ಆದರೆ ಬ್ರಿಟನ್ನಿಗೆ ಲಿಖಿತ ಸಂವಿಧಾನ ಇರಲಿಲ್ಲ, ನಮಗಿತ್ತು. 1950ರ ಜನವರಿ 26ರಿಂದ 14ನೇ ವಿಧಿ ಕಾನೂನಿನ ಎದುರು ಎಲ್ಲರೂ ಸಮಾನರೆಂದಿತು. ಸರ್ಕಾರಿ ಉದ್ಯೋಗದಲ್ಲಿ ಲಿಂಗದ ಕಾರಣಕ್ಕೆ ಭೇದ ಮಾಡಬಾರದೆಂದು 16ನೇ ವಿಧಿ ಹೇಳಿತು. ಅದಾಗಿ ಹನ್ನೊಂದು ವರ್ಷದ ಮೇಲೆ, 1961ರಲ್ಲಿ, ಗಣರಾಜ್ಯದ ಅಧಿಕಾರಿಗಳು ಗಣರಾಜ್ಯದ ಕಚೇರಿಯಲ್ಲಿ ಕೂತು ವಿದೇಶಾಂಗ ಸೇವೆಯ ನಿಯಮಗಳನ್ನು ಬರೆದರು. ಸೇವೆಯಲ್ಲಿರುವ ಹೆಂಗಸು ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಾದ ಮೇಲೆ ಸಂಸಾರದ ಜವಾಬ್ದಾರಿ ಕೆಲಸಕ್ಕೆ ಅಡ್ಡಿಯಾಗಬಹುದೆಂದು ಸರ್ಕಾರಕ್ಕೆ ಮನವರಿಕೆಯಾದರೆ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು. ಇದು ನಡತೆ ನಿಯಮಗಳ 8(2). ವಿವಾಹಿತ ಹೆಂಗಸಿಗೆ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲ ಎಂದು ನೇಮಕಾತಿ ನಿಯಮಗಳ 18(4). ಇದನ್ನೆಲ್ಲ ಬರೆದದ್ದು ನಾವು, ಬ್ರಿಟಿಷರಲ್ಲ.

‘ಅಡ್ಡಿಯಾಗಬಹುದು’ ಎಂಬ ಪದವನ್ನು ನೋಡಿ. ಅಡ್ಡಿಯಾಗಿರಬೇಕೆಂದಿಲ್ಲ. ಯಾರೋ ಒಬ್ಬ ಅಧಿಕಾರಿಗೆ ಹಾಗೆ ಅನ್ನಿಸಿದರೆ ಸಾಕು.

ಈ ನಿಯಮವನ್ನು ವ್ಯವಹಾರದ ದೃಷ್ಟಿಯಿಂದ ಒಪ್ಪುವ ಸಜ್ಜನರನ್ನು ನಾನು ಬಲ್ಲೆ. ಮೂರು ವರ್ಷಕ್ಕೊಂದು ದೇಶ, ಗಂಡನ ನೌಕರಿ ಏನಾಗಬೇಕು, ಮಕ್ಕಳ ಶಾಲೆ ಏನಾಗಬೇಕು ಎನ್ನುತ್ತಾರೆ. ಪ್ರಶ್ನೆ ಸರಿಯೇ. ಆದರೆ ಇದೇ ಪ್ರಶ್ನೆ ಗಂಡಸು ಅಧಿಕಾರಿಗೂ ಇತ್ತಲ್ಲ, ಅವನ ವಿಷಯದಲ್ಲಿ ಯಾಕೆ ಏಳಲಿಲ್ಲ? ಏಕೆಂದರೆ ಅವನ ಹೆಂಡತಿ ಉತ್ತರವಾಗಿ ಪಕ್ಕದಲ್ಲೇ ನಿಂತಿದ್ದಳು. ರಾಯಭಾರ ಕಚೇರಿಯ ಕೆಲಸದಲ್ಲಿ ಒಂದು ದೊಡ್ಡ ಪಾಲು ಊಟದ ಮೇಜಿನ ಮೇಲೆ ನಡೆಯುತ್ತದೆ. ಯಾರನ್ನು ಕರೆಯಬೇಕು, ಯಾರ ಪಕ್ಕ ಯಾರನ್ನು ಕೂರಿಸಬೇಕು, ಯಾರು ಮಾಂಸ ತಿನ್ನುವುದಿಲ್ಲ, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ. ಸ್ವಾತಂತ್ರ್ಯ ದಿನದ ಸಂಜೆ ಇನ್ನೂರು ಜನಕ್ಕೆ ಸಮೋಸ ಸಾಕಾಗುತ್ತದೆಯೇ ಎಂಬುದೂ ಅದರಲ್ಲೇ ಬಂತು. ಆತಿಥ್ಯಕ್ಕೆಂದು ಸರ್ಕಾರ ಭತ್ಯೆ ಕೊಡುತ್ತಿತ್ತು, ಆತಿಥ್ಯ ಮಾಡುವ ಹೆಂಡತಿಗೆ ಸಂಬಳವಿರಲಿಲ್ಲ. ಗಂಡಸನ್ನು ನೇಮಿಸಿಕೊಂಡರೆ ಒಂದು ಸಂಬಳಕ್ಕೆ ಎರಡು ಜನರ ದುಡಿಮೆ. ಹೆಂಗಸನ್ನು ನೇಮಿಸಿಕೊಂಡರೆ ಒಂದು ಸಂಬಳಕ್ಕೆ ಒಬ್ಬಳೇ, ಮೇಲಾಗಿ ಆಕೆಯ ಗಂಡ ಸಮೋಸ ಲೆಕ್ಕ ಹಾಕುವವನಲ್ಲ. ‘ಸಂಸಾರದ ಜವಾಬ್ದಾರಿ’ ಎಂಬ ಘನವಾದ ಮಾತಿನ ಒಳಗೆ ಇದ್ದ ಲೆಕ್ಕಾಚಾರ ಇದೇ ಎಂದು ನನ್ನ ಅನಿಸಿಕೆ.

ಈ ಪತ್ರ ಓದುತ್ತಿರುವವರಲ್ಲಿ ಹಲವರಿಗೆ ಇದು ದೂರದ ಕತೆಯಲ್ಲ. ಬ್ಯಾಂಕು, ರೈಲ್ವೆ, ಸೇನೆ, ಕೇಂದ್ರ ಸರ್ಕಾರದ ನೌಕರಿ ಹಿಡಿದು ಹುಬ್ಬಳ್ಳಿ, ಮಂಗಳೂರು, ಮೈಸೂರುಗಳಿಂದ ಪುಣೆಗೋ ದೆಹಲಿಗೋ ಬಂದ ಮನೆಗಳವರು ನಾವು. ಗಂಡನ ವರ್ಗಾವಣೆಯ ಆದೇಶ ಬಂದ ದಿನ ಎಷ್ಟು ಹೆಂಗಸರು ಊರಿನ ಶಾಲೆಯ ಮೇಷ್ಟರಗಿರಿಗೆ ರಾಜೀನಾಮೆ ಬರೆದಿದ್ದಾರೆಂದು ಯಾವ ಇಲಾಖೆಯೂ ಲೆಕ್ಕ ಇಟ್ಟಿಲ್ಲ. ಅವರಿಂದ ಯಾರೂ ಮುಚ್ಚಳಿಕೆ ಬರೆಸಿಕೊಂಡಿರಲಿಲ್ಲ, ಬರೆಸಿಕೊಳ್ಳುವ ಅಗತ್ಯ ಬೀಳಲಿಲ್ಲ. ಮುತ್ತಮ್ಮನವರ ವಿಷಯದಲ್ಲಿ ಅದು ಕಾಗದದ ಮೇಲೆ ಇತ್ತು. ಕಾಗದದ ಮೇಲೆ ಇದ್ದದ್ದರಿಂದಲೇ ಕೋರ್ಟಿಗೆ ಒಯ್ಯಲು ಬಂತು.

ಆಕೆಯ ಮೊದಲ ನೇಮಕ ಪ್ಯಾರಿಸ್ಸಿಗೆ. ಆಮೇಲೆ ರಂಗೂನ್, ಲಂಡನ್, ನಡುವೆ ದೆಹಲಿಯಲ್ಲಿ ಪಾಕಿಸ್ತಾನ ಮತ್ತು ಅಮೆರಿಕ ವಿಭಾಗಗಳು. 1970ರಲ್ಲಿ ಹಂಗೆರಿಯ ರಾಯಭಾರಿಯಾಗಿ ಬುಡಾಪೆಸ್ಟಿಗೆ ಹೋದರು. ಬ್ರಿಟನ್ ತನ್ನ ಮೊದಲ ಮಹಿಳಾ ರಾಯಭಾರಿಯನ್ನು ಡೆನ್ಮಾರ್ಕಿಗೆ ಕಳಿಸಿದ್ದು 1976ರಲ್ಲಿ, ಆರು ವರ್ಷ ತಡವಾಗಿ. ಇದನ್ನು ಹೇಳಿಕೊಂಡು ನಾವು ಬೀಗಬಹುದಿತ್ತು. ಆದರೆ ಆ 1970ರಲ್ಲಿ ಮೇಲೆ ಹೇಳಿದ ಎರಡೂ ನಿಯಮಗಳು ಪುಸ್ತಕದಲ್ಲಿ ಹಾಗೇ ಇದ್ದವು. ಭಾರತದ ರಾಷ್ಟ್ರಪತಿಯ ಪರವಾಗಿ ಪರದೇಶದ ಮುಖ್ಯಸ್ಥರ ಎದುರು ನಿಂತು ಅಧಿಕಾರಪತ್ರ ಸಲ್ಲಿಸಬಲ್ಲ ಹೆಂಗಸು, ತಾನು ಮದುವೆಯಾಗಬೇಕೆಂದರೆ ದೆಹಲಿಗೆ ಅರ್ಜಿ ಬರೆಯಬೇಕಿತ್ತು.

ಹಂಗೆರಿಯ ನಂತರದ ವರ್ಷಗಳಲ್ಲಿ ಘಾನಾ. ಅದು ಕಾಮನ್‌ವೆಲ್ತ್ ದೇಶವಾದ್ದರಿಂದ ಅಲ್ಲಿ ಅದೇ ಹುದ್ದೆಗೆ ಹೈ ಕಮಿಷನರ್ ಎಂದು ಹೆಸರು.

ಇಲ್ಲಿ ಹೊರಗಿನವರಿಗೆ ಗೊಂದಲವಾಗುವ ಒಂದು ವಿಷಯವಿದೆ. ರಾಯಭಾರಿ ಎಂದರೆ ಸೇವೆಯ ತುತ್ತತುದಿ ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ರಾಯಭಾರಿ ಎನ್ನುವುದು ಹುದ್ದೆ, ಅದರ ಹಿಂದೆ ಅಧಿಕಾರಿಯ ದರ್ಜೆ ಎಂಬುದು ಬೇರೆ ಇರುತ್ತದೆ. ಕೆಳಗಿನ ದರ್ಜೆಯಲ್ಲಿ ಇದ್ದುಕೊಂಡೇ ಒಂದು ದೇಶಕ್ಕೆ ರಾಯಭಾರಿಯಾಗಿ ಹೋಗಬಹುದು. ಜೊತೆಗೆ ರಾಜಧಾನಿಗಳಿಗೂ ಯಾರೂ ಬಾಯಿಬಿಟ್ಟು ಹೇಳದ ಒಂದು ಶ್ರೇಣಿ ಇದೆ. ವಾಷಿಂಗ್ಟನ್, ಮಾಸ್ಕೋ, ಲಂಡನ್, ಬೀಜಿಂಗ್‌ಗಳ ಸಾಲಿನಲ್ಲಿ ಬುಡಾಪೆಸ್ಟ್, ಆಕ್ರಾ ಬರುವುದಿಲ್ಲ. ಆ ದೇಶಗಳನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ, ಅಧಿಕಾರಿಗಳ ಮನಸ್ಸಿನಲ್ಲಿ ಆ ತಕ್ಕಡಿ ಇದ್ದದ್ದು ನಿಜ. ನೇಮಕಗಳ ಪಟ್ಟಿಯೊಂದರಿಂದಲೇ ಭೇದಭಾವವನ್ನು ಸಾಬೀತು ಮಾಡಲಾಗದು. ದೊಡ್ಡ ರಾಜಧಾನಿಗಳನ್ನು ನೋಡದೆ ನಿವೃತ್ತರಾದ ಸಮರ್ಥ ಗಂಡಸರೂ ಬೇಕಾದಷ್ಟಿದ್ದಾರೆ. ಆದ್ದರಿಂದ ಪಟ್ಟಿಯನ್ನು ಬಿಟ್ಟು ದರ್ಜೆಯ ಪ್ರಶ್ನೆಗೆ ಬರೋಣ, ಅಲ್ಲಿ ದಾಖಲೆ ಇದೆ.

ಮೊದಲನೇ ದರ್ಜೆಗೆ ಬಡ್ತಿ ನೀಡುವಾಗ ಮುತ್ತಮ್ಮನವರಿಗೆ ಅರ್ಹತೆ ಸಾಲದೆಂದು ತೀರ್ಮಾನವಾಯಿತು. ಆಕೆ ಸೇವೆಯಲ್ಲಿ ಇದ್ದುಕೊಂಡೇ, ತನ್ನದೇ ಸಚಿವಾಲಯದ ವಿರುದ್ಧ, 1979ರಲ್ಲಿ ನೇರ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಸೇರುವಾಗ ತನ್ನನ್ನು ತಡೆಯಲು ನೋಡಿದ್ದು, ಮುಚ್ಚಳಿಕೆ ಬರೆಸಿಕೊಂಡದ್ದು, ಬಡ್ತಿ ಕೊಡುವವರ ಮನಸ್ಸಿನ ಪೂರ್ವಗ್ರಹ ಎಲ್ಲವನ್ನೂ ಅರ್ಜಿಯಲ್ಲಿ ಬರೆದರು. ಬಾಯಿ ಬಿಗಿಹಿಡಿಯುವುದೇ ಸದ್ಗುಣ ಎನ್ನಿಸಿಕೊಳ್ಳುವ ಸೇವೆ ಅದು. ಅಲ್ಲಿ ಮೂವತ್ತು ವರ್ಷ ಕಳೆದು, ಪಿಂಚಣಿ ಕಣ್ಣಳತೆಯಲ್ಲಿರುವಾಗ ಹೀಗೆ ಮಾಡುವುದಕ್ಕೆ ಬೇಕಾದ ಎದೆಗಾರಿಕೆ, 1948ರಲ್ಲಿ ಪರೀಕ್ಷೆ ಪಾಸು ಮಾಡುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚಿನದೆಂದು ನಾನು ಭಾವಿಸುತ್ತೇನೆ. ಸಾಮಾನ್ಯ ಜ್ಞಾನದ ಪುಸ್ತಕಗಳು ಪರೀಕ್ಷೆಯನ್ನು ನೆನೆಯುತ್ತವೆ, ಅರ್ಜಿಯನ್ನು ಬಿಡುತ್ತವೆ.

ಮುಂದೆ ನಡೆದದ್ದು ನೋಡಿ. ಅರ್ಜಿ ಬಿದ್ದ ಮೇಲೆ ಸರ್ಕಾರ ಆಕೆಗೆ ಬಡ್ತಿ ಕೊಟ್ಟು ನೆದರ್ಲೆಂಡ್ಸಿನ ರಾಯಭಾರಿಯಾಗಿ ಹೇಗ್ ನಗರಕ್ಕೆ ನೇಮಿಸಿತು. ಅಂತರರಾಷ್ಟ್ರೀಯ ನ್ಯಾಯಾಲಯ ಇರುವ ಊರು! ನ್ಯಾಯ ಕೇಳಿ ಕೋರ್ಟಿಗೆ ಹೋದವಳಿಗೆ ಕೋರ್ಟಿನ ಊರನ್ನೇ ಕೊಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತೋ ಇಲ್ಲವೋ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿಗಂತೂ ಇತ್ತು. ಕೆಲವು ತಿಂಗಳ ಹಿಂದೆ ಅರ್ಹಳಲ್ಲದವಳು ಈಗ ಅರ್ಹಳಾಗಿ ಕಂಡಿದ್ದಾಳೆ ಎಂಬ ಅರ್ಥದ ಮಾತನ್ನು ಅವರು 1979ರ ಸೆಪ್ಟೆಂಬರ್ 17ರ ತೀರ್ಪಿನಲ್ಲಿ ಒಣಗಿದ ದನಿಯಲ್ಲಿ ಬರೆದರು. 18(4)ನ್ನು 1973ರ ನವೆಂಬರಿನಲ್ಲೇ ತೆಗೆದುಹಾಕಿದ್ದೇವೆ, 8(2)ನ್ನೂ ತೆಗೆಯುತ್ತಿದ್ದೇವೆ ಎಂದು ಸರ್ಕಾರ ಕೋರ್ಟಿಗೆ ತಿಳಿಸಿತು. ಉಳಿದದ್ದು ಒಂದೇ ಅಹವಾಲು. ಆ ಕೆಲವು ತಿಂಗಳ ಅಂತರದಲ್ಲಿ ಆಕೆಗಿಂತ ಕಿರಿಯರು ಆಕೆಯನ್ನು ದಾಟಿ ಮೇಲೆ ಹೋಗಿದ್ದರು. ಆ ಸೀನಿಯಾರಿಟಿಯನ್ನು ಮರುಪರಿಶೀಲಿಸಿ ಎಂದು ಕೋರ್ಟು ಸೂಚಿಸಿತು. ಅರ್ಜಿಯನ್ನು ವಜಾ ಮಾಡಿತು. ವಜಾ ಮಾಡುತ್ತಿರುವುದು ಅರ್ಜಿಯನ್ನು, ಸಮಸ್ಯೆಯನ್ನಲ್ಲ ಎಂದು ಸೇರಿಸಿತು.

ಹೌದು, ಅರ್ಜಿ ವಜಾ ಆಯಿತು. ಹೆಣ್ಣಿನ ಹಕ್ಕಿನ ಚರಿತ್ರೆಯಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವ ಈ ಮೊಕದ್ದಮೆಯಲ್ಲಿ ಅರ್ಜಿದಾರಳು ಕಾಗದದ ಮೇಲೆ ಸೋತಳು. ಕೋರ್ಟು ಮುಟ್ಟುವ ಮುಂಚೆಯೇ ಸರ್ಕಾರ ಬೆಂಕಿಯಿಂದ ಕೈ ತೆಗೆದುಕೊಂಡಿತ್ತು.

ಕೃಷ್ಣ ಅಯ್ಯರ್ ಅವರ ತೀರ್ಪನ್ನು ಹೊಗಳುವವರು ಅದರ ಖಾರವಾದ ವಾಕ್ಯಗಳನ್ನು ಹೇಳಿ ನಿಲ್ಲಿಸುತ್ತಾರೆ. ಗಂಡಸಿಗೆ ಇಲ್ಲದ ಸಂಸಾರದ ಅಡ್ಡಿ ಹೆಂಗಸಿಗೆ ಮಾತ್ರ ಹೇಗೆ ಬರುತ್ತದೆಂದು ಅವರು ಕೇಳಿದ್ದು ಮುಖಕ್ಕೆ ಹೊಡೆದಂತಿದೆ. ಆದರೆ ಅದೇ ತೀರ್ಪಿನಲ್ಲಿ ಒಂದು ಹಿಂಬಾಗಿಲೂ ಇದೆ. ಎಲ್ಲ ಉದ್ಯೋಗದಲ್ಲಿ, ಎಲ್ಲ ಸಂದರ್ಭದಲ್ಲಿ ಗಂಡು ಹೆಣ್ಣು ಸಮಾನ ಎಂದು ತಾವು ಸಾರ್ವತ್ರಿಕ ಮಾತು ಹೇಳುತ್ತಿಲ್ಲ, ಕೆಲಸದ ಸ್ವರೂಪ ನೋಡಿ ಆಯ್ಕೆ ಮಾಡುವ ಅಗತ್ಯ ಬೀಳಬಹುದು ಎಂಬ ಅರ್ಥದ ಸಾಲುಗಳು. ಎಷ್ಟೇ ಸದುದ್ದೇಶದಿಂದ ಬರೆದಿದ್ದರೂ ಆ ಸಾಲುಗಳು ಬೇಡವಾಗಿದ್ದವು. 1981ರಲ್ಲಿ ಏರ್ ಇಂಡಿಯಾ ಗಗನಸಖಿಯರ ಮೊಕದ್ದಮೆ ಬಂದಾಗ, ಮೊದಲ ಬಸಿರಿಗೇ ಕೆಲಸದಿಂದ ತೆಗೆಯುವ ನಿಯಮವನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿತು. ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ತೆಗೆಯುವ ನಿಯಮವನ್ನು ಮಾತ್ರ ಉಳಿಸಿತು.

ಇನ್ನೂ ಹತ್ತಿರಕ್ಕೆ ಬನ್ನಿ. 1988ರಲ್ಲಿ, ಎಂದರೆ ಮುತ್ತಮ್ಮ ತೀರ್ಪಿನ ಒಂಬತ್ತು ವರ್ಷದ ಮೇಲೆ, ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ಒಬ್ಬ ಲೆಫ್ಟಿನೆಂಟನ್ನು ಮದುವೆಯಾದದ್ದಕ್ಕಾಗಿ ಸೇವೆಯಿಂದ ಬಿಡುಗಡೆ ಮಾಡಲಾಯಿತು. ಆ ನಿಯಮ ಹೊರಟದ್ದು 1977ರ ಸೇನಾ ಆದೇಶವೊಂದರಿಂದ. ಹೇಗ್ ನಗರದ ರಾಯಭಾರಿಯ ಬಗ್ಗೆ ಕೋರ್ಟು ಹೇಳಿದ್ದು ಆಸ್ಪತ್ರೆಯ ವಾರ್ಡಿನವರೆಗೆ ತಲುಪಿರಲಿಲ್ಲ. ಸುಪ್ರೀಂ ಕೋರ್ಟು ಆಕೆಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿದ್ದು 2024ರ ಫೆಬ್ರವರಿಯಲ್ಲಿ. ಮೂವತ್ತಾರು ವರ್ಷ ಕಳೆದಿತ್ತು. ಸಮಸ್ಯೆಯನ್ನು ವಜಾ ಮಾಡಿಲ್ಲ ಎಂದು ಕೃಷ್ಣ ಅಯ್ಯರ್ ಬರೆದದ್ದು ಅವರೇ ಅಂದುಕೊಂಡಿದ್ದಕ್ಕಿಂತ ಹೆಚ್ಚು ನಿಜವಾಯಿತು.

‘ಇಷ್ಟಾದರೂ ಆಕೆ ಮೂರು ದೇಶಗಳಲ್ಲಿ ಭಾರತವನ್ನು ಪ್ರತಿನಿಧಿಸಿದರಲ್ಲ, ಇನ್ನೇನು ಬೇಕು?’ ಎಂಬ ಮಾತು ಬರುತ್ತದೆ. ಮುತ್ತಮ್ಮನವರು ಮದುವೆಯಾಗಲಿಲ್ಲ. ಅದು ಅವರ ಸ್ವಂತ ಬದುಕು, ಅದಕ್ಕೆ ಕಾರಣ ಹುಡುಕುವುದು ನಮ್ಮ ಕೆಲಸವಲ್ಲ. ಆದರೆ ಮುಚ್ಚಳಿಕೆಯ ಕೆಟ್ಟತನ ಇರುವುದೇ ಅಲ್ಲಿ. ಅದು ಇದ್ದಷ್ಟು ಕಾಲ ಒಂಟಿಯಾಗಿರುವುದು ಆಯ್ಕೆಯೋ ಶರತ್ತೋ ಎಂದು ಬೇರೆ ಮಾಡಿ ನೋಡುವ ದಾರಿಯೇ ಇರುವುದಿಲ್ಲ. ಸಹೋದ್ಯೋಗಿ ಗಂಡಸರ ಬಗ್ಗೆ ಇಂಥ ಪ್ರಶ್ನೆ ಹುಟ್ಟುವುದೇ ಇಲ್ಲ. ಮೂರು ರಾಯಭಾರ ಸಿಕ್ಕಿತಲ್ಲ ಎನ್ನುವವರು ಆ ಗಂಡಸರು ತೆತ್ತ ಬೆಲೆಯನ್ನೂ ಪಕ್ಕದಲ್ಲಿಟ್ಟು ಲೆಕ್ಕ ಹಾಕಲಿ.

ನಾನು ಕೇಳುತ್ತಿರುವುದು ಸಣ್ಣದು. ಮುಂದಿನ ನವೆಂಬರಿನಲ್ಲಿ ನಿಮ್ಮ ಸಂಘದ ವೇದಿಕೆಯ ಮೇಲೆ ಆಕೆಯ ಹೆಸರು ಬಂದರೆ, ಮೊದಲ ಸಾಲಿನ ಜೊತೆಗೆ 1961ರ ನಿಯಮವನ್ನೂ 1979ರ ಅರ್ಜಿಯನ್ನೂ ಸೇರಿಸಿ ಓದಿ. ಎರಡು ನಿಮಿಷವೂ ಬೇಡ. ಮುಂದೆ ಕೂತ ಹುಡುಗಿಯರಲ್ಲಿ ಕೆಲವರಿಗೆ ಆ ವಾರವೇ ಯಾವುದೋ ಕಂಪನಿಯ ಸಂದರ್ಶನದಲ್ಲಿ ‘ಮದುವೆಯಾದ ಮೇಲೆ ಕೆಲಸ ಮುಂದುವರಿಸ್ತೀರಾ?’ ಎಂಬ ಪ್ರಶ್ನೆ ಎದುರಾಗಿರುತ್ತದೆ. ಮೊದಲಿಗಳ ಸಾಲು ಅವರಿಗೆ ಚಪ್ಪಾಳೆ ತಟ್ಟಲು ಹೇಳುತ್ತದೆ. ಅರ್ಜಿಯ ಸಾಲಿನಲ್ಲಿ ಅವರ ಉಪಯೋಗಕ್ಕೆ ಬರುವಂಥದು ಏನೋ ಇದೆ.

ಹೇಗ್ ಆಕೆಯ ಕೊನೆಯ ಹುದ್ದೆಯಾಯಿತು. 1982ರಲ್ಲಿ ನಿವೃತ್ತರಾದರು. ಸ್ವೀಡನ್ನಿನ ಓಲೋಫ್ ಪಾಲ್ಮೆ ಅಧ್ಯಕ್ಷತೆಯ ನಿಶ್ಶಸ್ತ್ರೀಕರಣ ಆಯೋಗದಲ್ಲಿ ಭಾರತದಿಂದ ಸದಸ್ಯರಾಗಿದ್ದರು. ಆಮೇಲೆ ಕೊಡವರ ಅಡುಗೆಯ ಬಗ್ಗೆ ಒಂದು ಪುಸ್ತಕಕ್ಕೆ ಕೈ ಜೋಡಿಸಿದರು. ಇನ್ನೊಂದು ಪುಸ್ತಕಕ್ಕೆ ‘ಸ್ಲೇನ್ ಬೈ ದ ಸಿಸ್ಟಮ್’ ಎಂದು ಹೆಸರಿಟ್ಟರು. ವ್ಯವಸ್ಥೆ ಕೊಂದದ್ದು ಎಂದು ಅರ್ಥ. ಮೊದಲಿಗರ ಪಟ್ಟಿಯಲ್ಲಿ ತೃಪ್ತಿಯಿಂದ ಕೂತವರು ಇಡುವ ಹೆಸರಲ್ಲ ಅದು.

2009ರ ಅಕ್ಟೋಬರ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು, 85 ವರ್ಷವಾಗಿತ್ತು. ಅದೇ ವರ್ಷದ ಆಗಸ್ಟ್ 1ರಂದು ನಿರುಪಮಾ ರಾವ್ ಭಾರತದ ವಿದೇಶಾಂಗ ಕಾರ್ಯದರ್ಶಿಯಾಗಿದ್ದರು. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿ 1973ರಲ್ಲಿ ಸೇವೆಗೆ ಸೇರಿದವರು. ಪೆರು, ಶ್ರೀಲಂಕಾ, ಚೀನಾಗಳಲ್ಲಿ ದೇಶದ ಪ್ರತಿನಿಧಿಯಾಗಿದ್ದು, ಮುಂದೆ ಅಮೆರಿಕದ ರಾಯಭಾರಿಯೂ ಆದರು. ಅವರ ಪತಿ ಸುಧಾಕರ ರಾವ್ ಐಎಎಸ್ ಅಧಿಕಾರಿ, ಕರ್ನಾಟಕದ ಮುಖ್ಯ ಕಾರ್ಯದರ್ಶಿಯಾಗಿದ್ದವರು. ನಿರುಪಮಾ ಸೇವೆಗೆ ಸೇರಿದ ವರ್ಷ 8(2) ಇನ್ನೂ ನಿಯಮಪುಸ್ತಕದಲ್ಲೇ ಇತ್ತು.